ಶೀಟಿನ ಮೇಲೆ ಮಳೆ: ಒಂದು ಪ್ರಕರಣ ಅಧ್ಯಯನ

ಈ ಬರಹದಲ್ಲಿ ಬರುವವರನ್ನು ಮಂಜು ಅಂತ ಕರೆಯುತ್ತೇನೆ. ಅದು ಅವರ ಹೆಸರಲ್ಲ. ವಯಸ್ಸು, ಊರು, ಮನೆಯವರ ವಿವರ ಎಲ್ಲವನ್ನೂ ಅಲ್ಲಲ್ಲಿ ಬದಲಾಯಿಸಿದ್ದೇನೆ. ಬರೆದು ಮುಗಿಸಿದ ಮೇಲೆ ಅವರಿಗೂ ಅವರ ಹೆಂಡತಿಗೂ ಓದಿ ಹೇಳಿದೆ. ಹೆಂಡತಿ ಎರಡು ಕಡೆ ತಿದ್ದಿಸಿದರು. ಮಂಜು ಕೇಳಿಕೊಂಡಿದ್ದು ಒಂದೇ: "ಮೋಟಾರ್ ರಿವೈಂಡಿಂಗ್ ಅನ್ನೋದನ್ನ ಮಾತ್ರ ಬದಲಾಯಿಸ್ಬೇಡಿ ಮೇಡಂ. ಹಾಸನದಲ್ಲಿ ಅಂಥ ಅಂಗಡಿ ಬೇಕಾದಷ್ಟಿವೆ, ಯಾರಿಗೂ ಗೊತ್ತಾಗಲ್ಲ."

ನಾನು ಹಾಸನದಲ್ಲಿ ಆಪ್ತಸಮಾಲೋಚನೆ ಮಾಡುತ್ತೇನೆ. ಚಿಕ್ಕಂದಿನಲ್ಲಿ ಮನೆಯಲ್ಲೇ ಏಟು ತಿಂದು ಬೆಳೆದವರು ನನ್ನ ಹತ್ತಿರ ಬರುವುದು ಹೊಸದಲ್ಲ. ಆದರೆ ಅವರಲ್ಲಿ ಹೆಚ್ಚಿನವರು ಏಟಿನ ವಿಷಯ ಹೇಳಿಕೊಂಡು ಬರುವುದಿಲ್ಲ. ನಿದ್ದೆ ಇಲ್ಲ, ಎದೆ ಹಿಡಿಯುತ್ತದೆ, ಹೊಟ್ಟೆ ಸರಿ ಇಲ್ಲ ಅಂತ ಬರುತ್ತಾರೆ. ಮಂಜು ಪ್ರಕರಣವನ್ನು ಬರೆಯಲು ಕಾರಣ, ಇದರಲ್ಲಿ ನಾನು ಎರಡು ತಪ್ಪು ಮಾಡಿದೆ. ಆ ಎರಡೂ ತಪ್ಪನ್ನು ಬೇರೆಯವರೂ ಮಾಡಬಹುದು ಅಂತ ನನಗೆ ಅನಿಸುತ್ತದೆ.

ಎದೆನೋವು ಅಂತ ಬಂದವರು

ಮಂಜುಗೆ 41 ವರ್ಷ. ಹಾಸನದಲ್ಲಿ ಸ್ವಂತ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರ್‌ಗಳಿಗೆ ಹೊಸದಾಗಿ ತಂತಿ ಸುತ್ತಿ ಕೊಡುವ ಕೆಲಸ. ಹೆಂಡತಿ, ಹತ್ತು ವರ್ಷದ ಮಗಳು, ಐದು ವರ್ಷದ ಮಗ. ಐದು ತಿಂಗಳಲ್ಲಿ ಮೂರು ಸಲ ರಾತ್ರಿ ಹೊತ್ತು ಎದೆ ಹಿಡಿದುಕೊಂಡು ಆಸ್ಪತ್ರೆಗೆ ಓಡಿದ್ದರು. ಇಸಿಜಿ, ಎಕೋ, ಟ್ರೆಡ್‌ಮಿಲ್ ಪರೀಕ್ಷೆ ಎಲ್ಲ ಆಯಿತು. ಎಲ್ಲವೂ ಸರಿ ಇತ್ತು. ಮೂರನೇ ಸಲ ಡಾಕ್ಟರು "ಹಾರ್ಟ್ ಚೆನ್ನಾಗಿದೆ, ಒಂದ್ಸಲ ಮನಸ್ಸಿನ ಕಡೆಯಿಂದ ನೋಡಿಸಿ" ಅಂತ ಚೀಟಿ ಬರೆದುಕೊಟ್ಟರು. ಆ ಚೀಟಿಯನ್ನು ಮಂಜು ಇಪ್ಪತ್ತು ದಿನ ಜೇಬಲ್ಲಿ ಇಟ್ಟುಕೊಂಡು ಓಡಾಡಿದ್ದರು. ಫೆಬ್ರವರಿ ಮೊದಲಿಗೆ ಹೆಂಡತಿಯೇ ಕರೆದುಕೊಂಡು ಬಂದರು.

ಮೊದಲ ದಿನ ಮಾತಾಡಿದ್ದೆಲ್ಲ ಹೆಂಡತಿ. "ಕುಡಿಯಲ್ಲ, ಸಿಗರೇಟಿಲ್ಲ. ಮಕ್ಕಳ ಮೇಲೆ ಒಂದು ದಿನ ಕೈ ಎತ್ತಿಲ್ಲ. ದುಡ್ಡು ಕಾಸು ಎಲ್ಲ ನನ್ ಕೈಗೇ ಕೊಡ್ತಾರೆ. ಆದ್ರೆ ಇವ್ರು ಮನೇಲಿದ್ರೂ ಇರಲ್ಲ ಮೇಡಂ." ಯಾರಾದರೂ ಜೋರಾಗಿ ಮಾತಾಡಿದರೆ, ಮಗ ಹಟ ಹಿಡಿದು ಅತ್ತರೆ, ಪಾತ್ರೆ ಬಿದ್ದು ಸದ್ದಾದರೆ ಮಂಜು ಮುಖ ಇದ್ದಕ್ಕಿದ್ದಂತೆ ಖಾಲಿ ಆಗುತ್ತಿತ್ತಂತೆ. ಎದ್ದು ಹೋಗಿ ಅಂಗಡಿಯ ಬಾಗಿಲು ತೆಗೆದು ಕೂರುತ್ತಿದ್ದರು. ಹನ್ನೆರಡಾದರೂ ಬರುತ್ತಿರಲಿಲ್ಲ. ಬಂದ ಮೇಲೆ ಎರಡು ಮೂರು ದಿನ ಮಾತಿಲ್ಲ. ಜಗಳವೂ ಇಲ್ಲ.

ಮಂಜು ಅಷ್ಟೂ ಹೊತ್ತು ಗೋಡೆಯ ಕಡೆ ಬೆನ್ನು ಮಾಡಿ, ಬಾಗಿಲು ಕಾಣುವ ಹಾಗೆ ಕುಳಿತಿದ್ದರು. ಹೊರಗೆ ಮೆಟ್ಟಿಲ ಮೇಲೆ ಯಾರೋ ಹತ್ತಿ ಬಂದರು. ಆ ಹೆಜ್ಜೆ ನಿಲ್ಲುವವರೆಗೂ ಅವರ ಕಣ್ಣು ಬಾಗಿಲ ಮೇಲೇ ಇತ್ತು. ಆ ದಿನ ನಾನು ಇದನ್ನು ಗಮನಿಸಿ ಬರೆದುಕೊಂಡೆ, ಅದರ ಅರ್ಥ ಹೊಳೆಯಲಿಲ್ಲ.

ಖಿನ್ನತೆಯ ಮಟ್ಟ ನೋಡಲು ಪಿಎಚ್‌ಕ್ಯೂ-9 ಅಂತ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ. 27 ಅಂಕದಲ್ಲಿ ಅವರದ್ದು 17 ಬಂತು. 15 ಮುಟ್ಟಿದರೆ ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅದಕ್ಕೆ 'ಕೆಲವು ದಿನ' ಅಂತ ಗುರುತು ಹಾಕಿದ್ದರು. ಹೆಂಡತಿಯನ್ನು ಹೊರಗೆ ಕೂರಿಸಿ ನೇರವಾಗಿ ಕೇಳಿದೆ. ಇಂಥ ಪ್ರಶ್ನೆ ಕೇಳಿದರೆ ಆ ಯೋಚನೆ ಬರುತ್ತದೆ ಅಂತ ಕೆಲವರು ಹೆದರುತ್ತಾರೆ, ಹಾಗೇನೂ ಇಲ್ಲ. ಕೇಳಿದರೆ ಎಷ್ಟೋ ಸಲ ಎದುರಿಗಿರುವವರಿಗೆ ಮನಸ್ಸು ಹಗುರ ಆಗುತ್ತದೆ. "ಸಾಯ್ಬೇಕು ಅಂತಿಲ್ಲ. ಬೆಳಗ್ಗೆ ಏಳದೇ ಇದ್ರೆ ಚೆನ್ನಾಗಿತ್ತು ಅನ್ಸುತ್ತೆ" ಅಂದರು. ಯಾವ ತಯಾರಿಯೂ ಇರಲಿಲ್ಲ. ಆದರೂ ಅದೇ ವಾರ ಮನೋವೈದ್ಯರ ಹತ್ತಿರ ಕಳಿಸಿದೆ. ರಾತ್ರಿ ಹೊತ್ತು ತೀರಾ ಕಷ್ಟ ಆದರೆ ಫೋನ್ ಮಾಡಲಿ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಇಬ್ಬರ ಫೋನಲ್ಲೂ ಹಾಕಿಸಿದೆ. ಮನೋವೈದ್ಯರು ಖಿನ್ನತೆಗೆ ಮಾತ್ರೆ ಶುರು ಮಾಡಿದರು. ಮುಂದೆ ನಾನು ಬರೆಯುವ ಯಾವ ಬದಲಾವಣೆಯನ್ನೂ ಆ ಮಾತ್ರೆಯನ್ನು ಬಿಟ್ಟು ನೋಡಬಾರದು.

ಸಕಲೇಶಪುರದ ಕಡೆಯ ಹಂಚಿನ ಮನೆ

ಬಾಲ್ಯದ ಕಥೆ ಒಂದೇ ದಿನ ಬರಲಿಲ್ಲ. ಎರಡನೇ ಭೇಟಿಯಲ್ಲಿ "ಅಪ್ಪ ಹೊಡೀತಿದ್ರಾ?" ಅಂತ ಕೇಳಿದ್ದಕ್ಕೆ ಮಂಜು ನಕ್ಕರು. "ಎಲ್ಲರ ಮನೇಲೂ ಹೊಡೀತಿದ್ರಲ್ವಾ ಮೇಡಂ?"

ಆ ಮಾತು ಪೂರ್ತಿ ಸುಳ್ಳಲ್ಲ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಒಂದು ವರದಿ ಹೊರತಂದಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ ವರದಿ ಅದು. ಮೂರರಲ್ಲಿ ಇಬ್ಬರು ಮಕ್ಕಳು ಒಂದಲ್ಲ ಒಂದು ರೀತಿ ಏಟು ತಿಂದಿದ್ದರು. ಮನೆಯಲ್ಲಿ ಏಟು ತಿಂದವರಲ್ಲಿ ಸುಮಾರು 89% ಮಕ್ಕಳಿಗೆ ಹೊಡೆದವರು ಅಪ್ಪ ಅಮ್ಮಂದಿರೇ. ನಮ್ಮಲ್ಲಿ ಇದು ಅಷ್ಟು ಸಾಮಾನ್ಯ. ಅದಕ್ಕೇ ಏಟು ತಿಂದವರಿಗೂ ತಮ್ಮ ನೋವು ಲೆಕ್ಕಕ್ಕೆ ಬರುವಂಥದ್ದು ಅನಿಸುವುದಿಲ್ಲ. ನಾನು ಮಂಜುಗೆ ವಾದ ಮಾಡಲಿಲ್ಲ. "ಎಲ್ಲರ ಮನೆಯದ್ದು ಬಿಡಿ, ನಿಮ್ಮ ಮನೇದು ಹೇಳಿ" ಅಂದೆ.

ಸಕಲೇಶಪುರದ ಕಡೆ ಒಂದು ಹಳ್ಳಿ. ಅಪ್ಪ ಕಾಫಿ ಎಸ್ಟೇಟಲ್ಲಿ ಮೇಸ್ತ್ರಿ. ಮನೆಗೆ ಸೇರಿದ ಎರಡು ಎಕರೆ ತೋಟವೂ ಇತ್ತು. ಹಗಲು ನಾಲ್ಕು ಜನ ಗೌರವ ಕೊಡುವ ಮನುಷ್ಯ. ರಾತ್ರಿ ಕುಡಿದು ಬಂದರೆ ಮೊದಲು ಅಮ್ಮನಿಗೆ, ಆಮೇಲೆ ಮಂಜುಗೆ. ಮಂಜುಗೆ ಆರು ವರ್ಷ ಆದಾಗಿನಿಂದ ಎಸ್ಸೆಸ್ಸೆಲ್ಸಿ ಮುಗಿಸಿ ಹಾಸನಕ್ಕೆ ಐಟಿಐ ಓದಲು ಬರುವವರೆಗೂ ಇದು ನಡೆಯಿತು.

ಆ ಹುಡುಗ ಏನು ಮಾಡುತ್ತಿದ್ದ ಅನ್ನುವುದು ನನಗೆ ಮುಖ್ಯವಾಗಿತ್ತು. ಏನು ನಡೆಯಿತು ಅಂತ ಎಲ್ಲರೂ ಕೇಳುತ್ತಾರೆ. ಆ ಮಗು ಅದನ್ನು ಹೇಗೆ ದಾಟಿತು ಅಂತ ಕೇಳುವವರು ಕಡಿಮೆ. ಮಂಜುಗೂ ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಹೇಳುತ್ತಾ ಹೇಳುತ್ತಾ ಅವರ ದನಿಯೇ ಬದಲಾಯಿತು. ತಾನು ಕಲಿತ ಒಂದು ಕೆಲಸದ ಬಗ್ಗೆ ಹೇಳುವವರ ಹಾಗೆ ಹೇಳಿದರು.

ಅವನು ಕಿವಿ ಕೊಟ್ಟು ಕೂರುತ್ತಿದ್ದ. ಗೇಟು ಕಿರ್ ಅನ್ನುವುದಕ್ಕೂ ಚಪ್ಪಲಿ ಮೆಟ್ಟಿಲಿಗೆ ತಾಗುವುದಕ್ಕೂ ನಡುವೆ ಎಷ್ಟು ಎಣಿಸಬಹುದು ಅಂತ ಲೆಕ್ಕ ಇಟ್ಟಿದ್ದ. ಎಂಟು ಎಣಿಸುವಷ್ಟರಲ್ಲಿ ಬಂದರೆ ಕುಡಿದಿಲ್ಲ. ಹದಿನೈದು ದಾಟಿದರೆ ಕುಡಿದಿದ್ದಾರೆ. ಆಗ ಹಿಂದಿನ ಬಾಗಿಲಿಂದ ಸೌದೆ ಕೊಟ್ಟಿಗೆಗೆ ಓಡುತ್ತಿದ್ದ. ಓಡಲು ಆಗದ ದಿನ ಇನ್ನೊಂದು ಉಪಾಯ ಇತ್ತು. "ಏಟು ಬೀಳೋವಾಗ ಮಾಡಿನ ಹಂಚು ಎಣಿಸ್ತಿದ್ದೆ. ಹೊಡೀತಿರೋದು ನನಗಲ್ಲ ಅನ್ನೋ ಥರ ಆಗ್ತಿತ್ತು. ಅಳ್ತಿರ್ಲಿಲ್ಲ. ಅತ್ರೆ ಜಾಸ್ತಿ ಹೊಡೀತಿದ್ರು."

ಮಂಜುಗಿಂತ ನಾಲ್ಕು ವರ್ಷ ದೊಡ್ಡವಳು ಒಬ್ಬಳು ಅಕ್ಕ. ಅದೇ ಮನೆ, ಅದೇ ಅಪ್ಪ. ಅವಳು ದಾಟಿದ ದಾರಿ ಬೇರೆ. ಗಲಾಟೆ ಶುರುವಾದರೆ ಪಕ್ಕದ ತೋಟದ ದೊಡ್ಡಮ್ಮನ ಮನೆಗೆ ಓಡಿ "ಬನ್ನಿ, ಅಮ್ಮನ್ನ ಹೊಡೀತಿದಾರೆ" ಅಂತ ಕೂಗಿ ಕರೆದುಕೊಂಡು ಬರುತ್ತಿದ್ದಳು. ಹನ್ನೆರಡು ವರ್ಷಕ್ಕೆ ಅವಳೇ ಹಟ ಮಾಡಿ ಮೂಡಿಗೆರೆ ಕಡೆ ಇದ್ದ ಅಜ್ಜಿಯ ಮನೆಗೆ ಓದಲು ಹೋದಳು. ಈಗ ಚಿಕ್ಕಮಗಳೂರಿನಲ್ಲಿ ಕೆಲಸದಲ್ಲಿದ್ದಾರೆ.

1984ರಲ್ಲಿ ರಿಚರ್ಡ್ ಲಾಜರಸ್ ಮತ್ತು ಸೂಸನ್ ಫೋಕ್‌ಮನ್ ಎಂಬ ಮನೋವಿಜ್ಞಾನಿಗಳು ಜನ ಕಷ್ಟವನ್ನು ಎದುರಿಸುವ ರೀತಿಯನ್ನು ದೊಡ್ಡದಾಗಿ ಎರಡು ಬಗೆಯಾಗಿ ವಿಂಗಡಿಸಿದರು. ಒಂದು, ಕಷ್ಟವನ್ನೇ ಬದಲಾಯಿಸಲು ಏನಾದರೂ ಮಾಡುವುದು. ಇನ್ನೊಂದು, ಕಷ್ಟದಿಂದ ಮನಸ್ಸಿಗೆ ಆಗುವ ಪೆಟ್ಟನ್ನು ತಡೆದುಕೊಳ್ಳುವುದು. ಬದಲಾಯಿಸಲು ಆಗುವ ಕಡೆ ಮೊದಲನೆಯದು ಕೆಲಸಕ್ಕೆ ಬರುತ್ತದೆ. ಆಗದ ಕಡೆ ಎರಡನೆಯದೇ ಗತಿ. ಅಕ್ಕ ಗಟ್ಟಿ, ತಮ್ಮ ಪುಕ್ಕಲ ಅಂತ ಆ ಮನೆಯವರು ಈಗಲೂ ಹೇಳುತ್ತಾರಂತೆ. ನನಗೆ ಹಾಗೆ ಕಾಣುವುದಿಲ್ಲ. ಅಕ್ಕನಿಗೆ ಓಡುವ ವಯಸ್ಸಿತ್ತು, ಕರೆದರೆ ಬರುವ ದೊಡ್ಡಮ್ಮ ಇದ್ದರು, ಇಟ್ಟುಕೊಳ್ಳುವ ಅಜ್ಜಿ ಇದ್ದರು. ತಮ್ಮನ ಕಾಲಕ್ಕೆ ದೊಡ್ಡಮ್ಮ ತೀರಿಕೊಂಡಿದ್ದರು. ಅಜ್ಜಿಗೆ ಇನ್ನೊಂದು ಮಗುವನ್ನು ಸಾಕುವ ಶಕ್ತಿ ಇರಲಿಲ್ಲ. ಮಕ್ಕಳ ಸಹಾಯವಾಣಿ 1098 ಮುಂಬೈಯಲ್ಲಿ ಶುರುವಾಗಿದ್ದೇ 1996ರಲ್ಲಿ. ಸೌದೆ ಕೊಟ್ಟಿಗೆಯ ಹುಡುಗನಿಗೆ ಒಂಬತ್ತು ವರ್ಷ ಆಗಿದ್ದು ಅದಕ್ಕೂ ಮುಂಚೆ. ಅವನ ಹತ್ತಿರ ಉಳಿದಿದ್ದು ಕಿವಿ, ಎಣಿಕೆ ಮತ್ತು ಹಂಚು.

ನನ್ನ ಮೊದಲ ತಪ್ಪು

ಮೂರನೇ ಭೇಟಿಯಲ್ಲಿ ನಾನು ಎಲ್ಲರಿಗೂ ಮಾಡಿಸುವ ಹಾಗೆ ಮಂಜುಗೂ ಉಸಿರಾಟದ ಅಭ್ಯಾಸ ಮಾಡಿಸಿದೆ. ಫ್ಯಾನ್ ಆರಿಸಿ, ಕಿಟಕಿ ಹಾಕಿ, "ಕಣ್ಣು ಮುಚ್ಚಿ, ಮೈ ಸಡಿಲ ಬಿಡಿ, ಸುಮ್ನೆ ಉಸಿರು ಕೇಳಿಸಿಕೊಳ್ಳಿ" ಅಂದೆ. ಎರಡು ನಿಮಿಷ ಆಗಿರಬಹುದು. ಅವರ ಹಣೆಯ ಮೇಲೆ ಬೆವರು. ಕೈ ನಡುಗುತ್ತಿತ್ತು. ಕಣ್ಣು ಬಿಟ್ಟವರೇ ಎದ್ದು "ಅಂಗಡೀಲಿ ಕಸ್ಟಮರ್ ಕಾಯ್ತಿದಾರೆ" ಅಂತ ಹೊರಟೇಬಿಟ್ಟರು. ಮೂರು ವಾರ ಬರಲಿಲ್ಲ.

ಆ ಮೂರು ವಾರ ನಾನು ಬಹಳ ಯೋಚಿಸಿದೆ. ಕತ್ತಲು, ಸದ್ದಿಲ್ಲದ ಕೋಣೆ, ಮುಚ್ಚಿದ ಕಣ್ಣು. ನನಗೆ ಅದು ವಿಶ್ರಾಂತಿ. ಅವರ ಮೈಗೆ ಅದು ಗೇಟಿನ ಸದ್ದಿಗೆ ಕಾಯುವ ಹೊತ್ತು. ಕಾವಲು ಕೂತವನನ್ನು ಕಾವಲು ಬಿಡು ಅಂತ ನಾನು ಹೇಳಿದ್ದೆ. ಯಾಕೆ ಬಿಡಬಹುದು ಅಂತ ಅವನಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಮೊದಲ ದಿನ ಬಾಗಿಲ ಕಡೆ ನೋಡುತ್ತಿದ್ದ ಆ ಕಣ್ಣು ನನಗೆ ಇದನ್ನು ಹೇಳಿತ್ತು. ನಾನು ಕೇಳಿಸಿಕೊಂಡಿರಲಿಲ್ಲ.

ಫೋನ್ ಮಾಡಿ ಕ್ಷಮೆ ಕೇಳಿದೆ. ಬಂದ ದಿನ ಫ್ಯಾನ್ ಹಾಕಿದ್ದೆ, ಬಾಗಿಲು ಅರ್ಧ ತೆರೆದಿದ್ದೆ. "ನಿಮ್ಮ ಈ ಎದ್ದು ಹೋಗೋದು ನಿಮ್ಮನ್ನ ಒಂದು ಕಾಲದಲ್ಲಿ ಉಳಿಸಿದೆ. ಅದನ್ನ ಕಿತ್ತುಹಾಕಲು ನಾನು ಹೋಗಲ್ಲ" ಅಂದೆ. ಮಂಜು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರದ್ದೇ ಕೆಲಸದ ಮಾತು ತೆಗೆದರು.

"ಮೇಡಂ, ಪಂಪ್‌ಸೆಟ್ ಸ್ಟಾರ್ಟರ್‌ನಲ್ಲಿ ಓವರ್‌ಲೋಡ್ ರಿಲೇ ಅಂತಿರುತ್ತೆ. ಕರೆಂಟ್ ಜಾಸ್ತಿ ಎಳೀತು ಅಂದ್ರೆ ಟ್ರಿಪ್ ಆಗಿ ಮೋಟಾರ್ ನಿಲ್ಲಿಸುತ್ತೆ. ಇಲ್ಲಾಂದ್ರೆ ಕಾಯಿಲ್ ಸುಟ್ಟೇ ಹೋಗುತ್ತೆ. ಅದಕ್ಕೊಂದು ಸೆಟ್ಟಿಂಗ್ ಇರುತ್ತೆ. ಅದನ್ನ ತೀರಾ ಕಮ್ಮಿಗೆ ಇಟ್ರೆ ಸಣ್ಣ ಲೋಡಿಗೂ ಟ್ರಿಪ್ ಆಗ್ತಾ ಇರುತ್ತೆ. ರೈತರು ಬೇಜಾರಾಗಿ ರಿಲೇನೇ ಬೈಪಾಸ್ ಮಾಡ್ತಾರೆ. ಎರಡೇ ದಿನ, ಮೋಟಾರ್ ನನ್ ಅಂಗಡೀಲಿರುತ್ತೆ. ರಿಲೇ ಕೆಟ್ಟಿರಲ್ಲ ಮೇಡಂ. ಸೆಟ್ಟಿಂಗ್ ಬೇರೆ ಲೋಡಿಗೆ ಇಟ್ಟಿದ್ದು."

ಇಷ್ಟು ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ. ಆವತ್ತಿನಿಂದ ನಮ್ಮ ಮಾತಲ್ಲಿ 'ಟ್ರಿಪ್' ಅನ್ನುವ ಪದ ಬಂತು. ನಾನು ಹೇಳಿಕೊಟ್ಟ ಪದ ಆಗಿದ್ದರೆ ಅವರು ಅದನ್ನು ಮನೆಗೆ ತೆಗೆದುಕೊಂಡು ಹೋಗುತ್ತಿರಲಿಲ್ಲ. ಅದು ಅವರದ್ದೇ ಆದ್ದರಿಂದ ಹೆಂಡತಿಗೂ ಹೇಳಿದರು.

ಏಪ್ರಿಲ್ ತಿಂಗಳ ಮಳೆ

ಟ್ರಿಪ್ ಆದಾಗೆಲ್ಲ ಬರೆದಿಡಿ ಅಂದೆ. ಬಿಲ್ ಪುಸ್ತಕದ ಹಿಂದೆ ಬರೆದರು. ದಿನ, ಹೊತ್ತು, ಏನಾಯಿತು, ಮೈಯಲ್ಲಿ ಎಲ್ಲಿ ಗೊತ್ತಾಯಿತು, ನಿದ್ದೆ ಎಷ್ಟು. ನಾಲ್ಕು ವಾರದ ಚೀಟಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಇಬ್ಬರೂ ನೋಡಿದೆವು.

ಅಲ್ಲಿವರೆಗೆ ಅವರ ಮನೆಯಲ್ಲಿ ಒಂದು ನಂಬಿಕೆ ಇತ್ತು. ಮಂಜುಗೆ ಮಳೆಗಾಲ ಆಗುವುದಿಲ್ಲ. ಜೂನ್ ಬಂದರೆ ನಿದ್ದೆ ಕೆಡುತ್ತದೆ. ಮಳೆಗಾಲದಲ್ಲಿ ಪಂಪ್‌ಸೆಟ್ ಓಡುವುದು ಕಡಿಮೆ, ಸುಡುವುದೂ ಕಡಿಮೆ, ಅಂಗಡಿಗೆ ಕೆಲಸ ಇಲ್ಲ, ಅದಕ್ಕೇ ಚಿಂತೆ ಅಂತ ಎಲ್ಲರೂ ಅಂದುಕೊಂಡಿದ್ದರು. ನಾನೂ ಒಪ್ಪಿದ್ದೆ. ಆದರೆ ಏಪ್ರಿಲ್ ಅಂದರೆ ಅವರಿಗೆ ಕೈತುಂಬ ಕೆಲಸ. ಆ ತಿಂಗಳು ಒಂದು ಚೂರೂ ನಿದ್ದೆ ಬಾರದ ರಾತ್ರಿಗಳು ನಾಲ್ಕೇ. ಆ ನಾಲ್ಕೂ ರಾತ್ರಿ ಹಾಸನದಲ್ಲಿ ಗುಡುಗು ಮಳೆ ಬಂದಿತ್ತು. ಮಂಜುನೇ ಬೆರಳಿಟ್ಟು ತೋರಿಸಿದರು.

ಅವರು ಮಲಗುತ್ತಿದ್ದುದು ಮಹಡಿಯ ಮೇಲೆ, ಶೀಟ್ ಹಾಕಿದ ಕೋಣೆಯಲ್ಲಿ. "ಶೀಟಿನ ಮೇಲೆ ಮಳೆ ಬಿದ್ರೆ ಏನೂ ಕೇಳ್ಸಲ್ಲ ಅಲ್ವಾ" ಅಂದವರು ಅಲ್ಲೇ ನಿಂತರು. ಮಲೆನಾಡಿನ ಮಳೆಗಾಲ ಗೊತ್ತಿದ್ದವರಿಗೆ ಮುಂದಿನದು ಹೇಳಬೇಕಾಗಿಲ್ಲ. ಜೂನ್, ಜುಲೈನಲ್ಲಿ ಹಂಚಿನ ಮೇಲೆ ಮಳೆ ಹೊಡೆಯುವಾಗ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ. ಆ ತಿಂಗಳುಗಳಲ್ಲಿ ಹುಡುಗನಿಗೆ ಗೇಟಿನ ಸದ್ದು ಸಿಗುತ್ತಿರಲಿಲ್ಲ, ಎಣಿಕೆಯೂ ಸಿಗುತ್ತಿರಲಿಲ್ಲ. ಬಾಗಿಲು ತೆರೆದಾಗಲೇ ಗೊತ್ತಾಗುತ್ತಿತ್ತು. ಅದಕ್ಕೇ ಮಳೆಗಾಲ ಪೂರ್ತಿ ಎಚ್ಚರ ಇರುತ್ತಿದ್ದ. ಮೂವತ್ತು ವರ್ಷ ಆದ ಮೇಲೂ ಆ ಎಚ್ಚರ ಹಾಗೇ ಇತ್ತು. ಆ ದಿನ ಮಂಜು ನನ್ನ ಮುಂದೆ ಮೊದಲ ಸಲ ಅತ್ತರು. ತನಗೆ ಹುಚ್ಚು ಹಿಡಿದಿಲ್ಲ ಅಂತ ಗೊತ್ತಾದ ಅಳು ಅದು.

ಆಮೇಲೆ ಅವರು ಕೇಳಿದ ಪ್ರಶ್ನೆ ನನ್ನನ್ನು ಇಕ್ಕಟ್ಟಿಗೆ ಹಾಕಿತು. "ಕೆಳಗಡೆ ಆರ್‌ಸಿಸಿ ಕೋಣೇಲಿ ಮಲಗ್ಲಾ?" ಹೆದರಿದ್ದನ್ನು ತಪ್ಪಿಸಿಕೊಂಡು ಹೋದಷ್ಟೂ ಹೆದರಿಕೆ ಬೆಳೆಯುತ್ತದೆ ಅಂತ ನಾವು ಓದಿದ್ದೇವೆ. ದೊಡ್ಡವರಾದ ಮೇಲೂ ಎಲ್ಲದರಿಂದ ದೂರ ಸರಿಯುವುದನ್ನೇ ನೆಚ್ಚಿಕೊಂಡವರಿಗೆ ಖಿನ್ನತೆ, ಆತಂಕ ಜಾಸ್ತಿ ಅನ್ನುವುದೂ ನಿಜ. ಆದರೆ ಎದುರಿಗೆ ಕೂತ ಮನುಷ್ಯ ತಿಂಗಳುಗಟ್ಟಲೆ ಸರಿಯಾಗಿ ಮಲಗಿರಲಿಲ್ಲ. ಮನೋವೈದ್ಯರ ಜೊತೆ ಮಾತಾಡಿದೆ. ಮೊದಲು ನಿದ್ದೆ ಬರಲಿ, ಶೀಟಿನ ಕೋಣೆ ಎಲ್ಲಿಗೂ ಓಡಿಹೋಗುವುದಿಲ್ಲ ಅಂದರು. ಮೇ ಮೊದಲ ವಾರ ಮಂಚ ಕೆಳಗೆ ಬಂತು. ಅದು ಸರಿಯಾದ ತೀರ್ಮಾನ ಅಂತ ಈಗಲೂ ಅನಿಸುತ್ತದೆ. ದೂರ ಸರಿಯುವುದೆಲ್ಲ ಕೆಟ್ಟದ್ದಲ್ಲ. ಎಷ್ಟು ದಿನಕ್ಕೆ, ಯಾಕೆ ಅನ್ನುವುದು ತಿಳಿದು ಸರಿದರೆ ಅದು ಬೇರೆ.

ಇದರ ಜೊತೆಗೆ ಎರಡು ಸಣ್ಣ ಕೆಲಸ ಇತ್ತು. ಕಣ್ಣು ತೆರೆದೇ ಇಟ್ಟು, ಕೈಗೆ ಸಿಕ್ಕಿದ್ದನ್ನು ಮುಟ್ಟಿ, ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳಿಕೊಳ್ಳುವುದು. ತಾಮ್ರದ ತಂತಿಯ ಒಂದು ತುಂಡು ಅವರ ಜೇಬಿನಲ್ಲಿ ಯಾವಾಗಲೂ ಇರುತ್ತಿತ್ತು, ಅದನ್ನೇ ಬೆರಳಿಗೆ ಸುತ್ತುತ್ತಿದ್ದರು. ಇನ್ನೊಂದು, ಎದ್ದು ಹೋಗುವ ಮುಂಚೆ ಒಂದು ಮಾತು ಹೇಳುವುದು: "ಟ್ರಿಪ್ ಆಯ್ತು, ಅರ್ಧ ಗಂಟೇಲಿ ಬರ್ತೀನಿ." ಹೋಗಬೇಡಿ ಅಂತ ನಾನು ಹೇಳಲಿಲ್ಲ. ಹೇಳಿ ಹೋಗಿ, ಹೇಳಿದ ಹೊತ್ತಿಗೆ ಬನ್ನಿ ಅಂದೆ, ಅಷ್ಟೆ. ಹೆಂಡತಿ ಹೇಳಿದ ಪ್ರಕಾರ ಮೊದಲ ಸಲ ಆ ಮಾತು ಹೇಳಲು ಅವರಿಗೆ ಬಾಗಿಲ ಹತ್ತಿರ ಎರಡು ನಿಮಿಷ ಬೇಕಾಯಿತಂತೆ.

ಸೈಡ್ ಸ್ಟ್ಯಾಂಡ್, ಸೆಂಟರ್ ಸ್ಟ್ಯಾಂಡ್

ನನ್ನ ಎರಡನೇ ತಪ್ಪು ಮಗಳ ವಿಷಯದಲ್ಲಿ. ಶುರುವಿನಲ್ಲೇ ಮಕ್ಕಳಿಗೆ ಏಟು ಬೀಳುತ್ತಿದೆಯಾ ಅಂತ ಹೆಂಡತಿಯನ್ನು ಬೇರೆಯಾಗಿ ಕೇಳಿದ್ದೆ. ಇಲ್ಲ ಅಂತ ಖಾತ್ರಿ ಆದ ಮೇಲೆ ಆ ಕಡೆ ಮತ್ತೆ ನೋಡಲೇ ಇಲ್ಲ. ಮಂಜು ತಾನು ಕೈ ಎತ್ತದ ಅಪ್ಪ ಅನ್ನುವುದನ್ನು ಎದೆಯಲ್ಲಿ ಇಟ್ಟುಕೊಂಡು ಬದುಕಿದವರು. ನಾನೂ ಅದನ್ನು ಹೊಗಳಿದ್ದೆ. ಹೊಗಳಬೇಕಾದ ವಿಷಯವೇ ಅದು. ಆದರೆ ಅಲ್ಲಿಗೇ ನಿಂತುಬಿಟ್ಟೆ.

ಮೇ ರಜೆಯಲ್ಲಿ ಒಂದು ದಿನ ಮಗಳೂ ಅಮ್ಮನ ಜೊತೆ ಬಂದಿದ್ದಳು. ಮಂಜು ಅಂಗಡಿ ಮುಗಿಸಿ ಬರುವುದು ತಡ ಆಯಿತು. ಹುಡುಗಿ ಚಿತ್ರ ಬರೆಯುತ್ತಾ ಕೂತಿದ್ದವಳು ತಲೆ ಎತ್ತಿ "ಅಪ್ಪ ಬಂದ್ರು" ಅಂದಳು. ನನಗೆ ಏನೂ ಕೇಳಿಸಿರಲಿಲ್ಲ. "ಹೆಂಗೆ ಗೊತ್ತಾಯ್ತು ಪುಟ್ಟಿ?" ಅಂದೆ.

"ಬೈಕ್ ಸದ್ದು ಆಂಟಿ. ಮನೇಲೂ ಗೊತ್ತಾಗುತ್ತೆ. ಸೈಡ್ ಸ್ಟ್ಯಾಂಡ್ ಹಾಕಿದ್ರೆ ಅಪ್ಪ ಮಾತಾಡ್ತಾರೆ. ಸೆಂಟರ್ ಸ್ಟ್ಯಾಂಡ್ ಹಾಕಿದ್ರೆ ಮಾತಾಡಲ್ಲ. ಆಗ ನಾನು ತಮ್ಮನ್ನ ಒಳಗೆ ಕರ್ಕೊಂಡು ಹೋಗಿ ಬಾಗಿಲು ಹಾಕ್ಕೋತೀನಿ."

ನಾನು ತಲೆ ತಗ್ಗಿಸಿ ಕೂತೆ. ಆ ಮನೆಯಲ್ಲಿ ಯಾರೂ ಯಾರನ್ನೂ ಹೊಡೆಯುತ್ತಿರಲಿಲ್ಲ. ಆದರೂ ಹತ್ತು ವರ್ಷದ ಮಗು ಸದ್ದು ಕೇಳಿ ಅಪ್ಪನನ್ನು ಅಳೆಯುವುದನ್ನು ಕಲಿತಿತ್ತು.

ಇದನ್ನು ಮಂಜುಗೆ ಹೇಳಬೇಕಾ, ಹೇಗೆ ಹೇಳಬೇಕು ಅಂತ ಒಂದು ವಾರ ಒದ್ದಾಡಿದೆ. ಹೇಳಿದರೆ ನಾಚಿಕೆಯಿಂದ ಇನ್ನೂ ಮುಚ್ಚಿಕೊಂಡುಬಿಡಬಹುದು. 'ನಾನೂ ಅಪ್ಪನ ಹಾಗೇ ಆದೆ' ಅಂದುಕೊಂಡರೆ ಏಳದೇ ಇರುವ ಆ ಹಳೆಯ ಯೋಚನೆ ಮತ್ತೆ ಬರಬಹುದು. ಹೇಳದಿದ್ದರೆ ಮಗು ಕಾಯುತ್ತಲೇ ಇರುತ್ತದೆ. ಮೊದಲು ಹೆಂಡತಿಯನ್ನು ಕೇಳಿದೆ. ಮಗಳನ್ನೂ "ನೀನು ಹೇಳಿದ್ದನ್ನ ಅಪ್ಪನಿಗೆ ಹೇಳ್ಲಾ?" ಅಂತ ಕೇಳಿದೆ. "ಬೈಯಲ್ಲ ಅಲ್ವಾ?" ಅಂದಳು. ಮಂಜುಗೆ ಮೊದಲು ಪಿಎಚ್‌ಕ್ಯೂ-9 ಮತ್ತೆ ಮಾಡಿಸಿದೆ. 11ಕ್ಕೆ ಇಳಿದಿತ್ತು, ಒಂಬತ್ತನೇ ಪ್ರಶ್ನೆಗೆ ಸೊನ್ನೆ. ಆಮೇಲೆ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಗಳು ಹೇಳಿದ್ದನ್ನು ಒಂದಕ್ಷರ ಕೂಡಿಸದೆ ಹೇಳಿದೆ.

ತುಂಬ ಹೊತ್ತು ಮಾತಿಲ್ಲ. ಕಣ್ಣು ಮೇಲೆ ಹೋಯಿತು. ಎಣಿಸಲು ಅಲ್ಲಿ ಹಂಚು ಇರಲಿಲ್ಲ. ತಂತಿಯ ತುಂಡನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಕೊನೆಗೆ "ನಂಗೆ ಗೇಟು. ಅವಳಿಗೆ ಸ್ಟ್ಯಾಂಡು" ಅಂದರು.

ಮಂಜು ಪೂರ್ತಿ ಬದಲಾದದ್ದು ಅಲ್ಲಿಂದ ಅಂತ ಬರೆಯಲು ಆಸೆ ಆಗುತ್ತದೆ. ಹಾಗೆ ಆಗಲಿಲ್ಲ. ಜುಲೈನಲ್ಲಿ ಊರಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಅಮ್ಮ ತೀರಿಕೊಂಡು ಆರು ವರ್ಷ ಆಗಿತ್ತು. ನೆಂಟರೆಲ್ಲ ಮಗನ ಕಡೆ ನೋಡಿದರು. "ಏನೇ ಆಗ್ಲಿ ಹೆತ್ತ ಅಪ್ಪ, ಮನೆಗೆ ಕರ್ಕೊಂಡು ಬಾ" ಅಂತ ಚಿಕ್ಕಪ್ಪ ದಿನಾ ಫೋನ್. ಆಸ್ಪತ್ರೆಯಲ್ಲಿ ಒಂದು ರಾತ್ರಿ ಅಪ್ಪನ ಹಾಸಿಗೆ ಪಕ್ಕ ಕೂತು ಬಂದ ಮೇಲೆ ಮಂಜು ಮೂರು ರಾತ್ರಿ ಅಂಗಡಿಯಲ್ಲೇ ಮಲಗಿದರು. ಯಾರಿಗೂ ಹೇಳಿ ಹೋಗಲಿಲ್ಲ. ಅಂಕ ಮತ್ತೆ 15.

ಇಲ್ಲಿ ನಾನು ಒಂದು ವಿಷಯದಲ್ಲಿ ಗಟ್ಟಿಯಾಗಿ ನಿಂತೆ. ಕ್ಷಮಿಸಿ ಅಂತಲೂ ಹೇಳಲಿಲ್ಲ, ಕ್ಷಮಿಸಬೇಡಿ ಅಂತಲೂ ಹೇಳಲಿಲ್ಲ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಯ ಕಾಯ್ದೆ ಮಕ್ಕಳಿಂದ ಕೇಳುವುದು ಜೀವನಾಂಶವನ್ನು. ಊಟ, ಬಟ್ಟೆ, ವಾಸ, ಔಷಧಿ ಅದರಲ್ಲಿ ಬರುತ್ತದೆ. ಪ್ರೀತಿಯನ್ನು ಯಾವ ಕಾಯ್ದೆಯೂ ಕೇಳುವುದಿಲ್ಲ. ಈ ಎರಡನ್ನು ಬೇರೆ ಮಾಡಿ ನೋಡಿದಾಗ ದಾರಿ ಕಂಡಿತು. ಅಕ್ಕ ತಮ್ಮ ಇಬ್ಬರೂ ಖರ್ಚು ಹಂಚಿಕೊಂಡು ಊರಿನ ಮನೆಯಲ್ಲೇ ನೋಡಿಕೊಳ್ಳಲು ಒಬ್ಬರನ್ನು ಇಟ್ಟರು. ಮಂಜು ತಿಂಗಳಿಗೆ ಎರಡು ಸಲ ಹಗಲು ಹೊತ್ತು ಹೆಂಡತಿಯ ಜೊತೆ ಹೋಗಿ, ಔಷಧಿ ಕೊಟ್ಟು, ಕತ್ತಲಾಗುವ ಮುಂಚೆ ಬರುತ್ತಾರೆ. ಚಿಕ್ಕಪ್ಪ ಈಗಲೂ ಸರಿಯಾಗಿ ಮಾತಾಡುವುದಿಲ್ಲ.

ಅಕ್ಕ ಹೇಳಿದ್ದು

ಈ ಏರ್ಪಾಟಿನ ಮಾತಿಗೆ ಅಕ್ಕ ಒಂದು ದಿನ ಹಾಸನಕ್ಕೆ ಬಂದಿದ್ದರು. ಎಲ್ಲ ಲೆಕ್ಕ ಅವರೇ ಬರೆದುಕೊಂಡು ಬಂದಿದ್ದರು. ಆಳು ಹುಡುಕಿದ್ದೂ ಅವರೇ. ಮಂಜು "ಅಕ್ಕ ಯಾವಾಗ್ಲೂ ಗಟ್ಟಿ" ಅಂದಾಗ ಅವರ ಮುಖ ಸಣ್ಣದಾಯಿತು. "ಗಟ್ಟಿ ಇಲ್ಲ ಕಣೋ. ಯಾರ ಮನೇಲಿ ಏನಾದ್ರೂ ನಾನೇ ಓಡ್ಬೇಕು ಅನ್ಸುತ್ತೆ. ಓಡ್ದೇ ಇದ್ರೆ ಯಾರೋ ಸತ್ತೇ ಹೋಗ್ತಾರೆ ಅನ್ನೋ ಹಂಗೆ ಎದೆ ಹೊಡ್ಕೊಳುತ್ತೆ. ಒಂದು ಭಾನುವಾರ ಸುಮ್ನೆ ಕೂತಿದ್ದು ನೆನಪಿಲ್ಲ ನಂಗೆ." ಸಹಾಯ ಕೇಳಿ ಓಡಿದ ಮಗು ದೊಡ್ಡವಳಾಗಿ ಎಲ್ಲರ ಸಹಾಯಕ್ಕೆ ಓಡುತ್ತಿತ್ತು. ತಮ್ಮನಷ್ಟು ಕುಗ್ಗಿರಲಿಲ್ಲ, ಆದರೆ ಅವರದ್ದೂ ಪುಕ್ಕಟೆಯಾಗಿ ಬಂದ ಬಲ ಆಗಿರಲಿಲ್ಲ. ತಮ್ಮ ಅಕ್ಕನ ಕಡೆ ನೋಡಿದ ಆ ನೋಟ ನನಗೆ ಇನ್ನೂ ನೆನಪಿದೆ. ಮೂವತ್ತು ವರ್ಷದಲ್ಲಿ ಅವರಿಬ್ಬರೂ ಆ ಮನೆಯ ಬಗ್ಗೆ ಮಾತಾಡಿದ್ದು ಅದೇ ಮೊದಲು.

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಅವರ ಜೊತೆಯವರು ದಶಕಗಟ್ಟಲೆ ಹಿಂಬಾಲಿಸಿ ನೋಡಿದರು. ಬಡತನ, ಮನೆಯಲ್ಲಿ ಜಗಳ ಅಂತ ಬಹಳ ಕಷ್ಟದಲ್ಲಿ ಬೆಳೆದ ಮಕ್ಕಳಲ್ಲೂ ಸುಮಾರು ಮೂರರಲ್ಲೊಬ್ಬರು ನೆಮ್ಮದಿಯಾಗಿ ಬಾಳುವ ದೊಡ್ಡವರಾದರು. ಅಂಥವರಿಗೆ ಹೆಚ್ಚಾಗಿ ಅಪ್ಪ ಅಮ್ಮನ ಹೊರಗೆ ನಂಬಿಕೆಗೆ ತಕ್ಕ ಒಬ್ಬ ದೊಡ್ಡವರು ಇದ್ದರು. ನನಗೆ ಅದನ್ನು ಓದಿದಾಗಲೆಲ್ಲ ಆ ದೊಡ್ಡಮ್ಮ ನೆನಪಾಗುತ್ತಾರೆ. ಗಲಾಟೆ ಕೇಳಿ ಕಂಬಳಿ ಹೊದ್ದು, ಟಾರ್ಚ್ ಹಿಡಿದು ತೋಟ ದಾಟಿ ಬರುತ್ತಿದ್ದ ಒಬ್ಬ ಹೆಂಗಸು.

ಈ ಪ್ರಕರಣದಿಂದ ನಾನು ಕೆಲವು ಅಭ್ಯಾಸ ಬದಲಾಯಿಸಿಕೊಂಡೆ. ಯಾರಿಗೂ ಮೊದಲ ಭೇಟಿಗಳಲ್ಲಿ ಕಣ್ಣು ಮುಚ್ಚಲು ಹೇಳುವುದಿಲ್ಲ. ಎಲ್ಲಿ ಕೂರಬೇಕು, ಬಾಗಿಲು ತೆರೆದಿರಲಾ ಅಂತ ಅವರನ್ನೇ ಕೇಳುತ್ತೇನೆ. "ಆಗ ನೀವು ಏನು ಮಾಡ್ತಿದ್ರಿ?" ಅನ್ನುವ ಪ್ರಶ್ನೆಯನ್ನು ಬೇಗ ಕೇಳುತ್ತೇನೆ. ಈಗಿನ ತೊಂದರೆಯ ಆಕಾರ ಹೆಚ್ಚಿನ ಸಲ ಆ ಉತ್ತರದಲ್ಲೇ ಇರುತ್ತದೆ. ಮಕ್ಕಳಿರುವ ಮನೆಯಾದರೆ, ಏಟು ಇಲ್ಲ ಅಂತ ಗೊತ್ತಾದ ಮೇಲೂ ಮಕ್ಕಳು ಏನನ್ನು ಕಾಯುತ್ತಾರೆ ಅಂತ ವಿಚಾರಿಸುತ್ತೇನೆ.

ಮಂಜುಗೆ ಇನ್ನೊಂದು ಮಾತನ್ನೂ ಹೇಳಿದ್ದೇನೆ. ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಅಮೆರಿಕದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ದೊಡ್ಡವರನ್ನು ಕೇಳಿ 1998ರಲ್ಲಿ ಪ್ರಕಟಿಸಿದ ಅಧ್ಯಯನ ಬಾಲ್ಯದ ಕಷ್ಟಕ್ಕೂ ಮುಂದಿನ ಕಾಯಿಲೆಗೂ ನಂಟು ತೋರಿಸಿತು. ಬಾಲ್ಯದಲ್ಲಿ ಅನುಭವಿಸಿದ ಕಷ್ಟದ ಬಗೆಗಳು ಜಾಸ್ತಿ ಆದಷ್ಟೂ ಖಿನ್ನತೆ ಮಾತ್ರ ಅಲ್ಲ, ಹೃದಯದ ಕಾಯಿಲೆಯೂ ಜಾಸ್ತಿ ಕಂಡಿತು. ಇದು ಗುಂಪಿನ ಲೆಕ್ಕ, ಮಂಜುಗೆ ಏನಾಗುತ್ತದೆ ಅಂತ ಅದು ಹೇಳುವುದಿಲ್ಲ. ಆದರೆ 'ಎಲ್ಲ ಮನಸ್ಸಿಂದ' ಅಂತ ಬಿಪಿ, ಶುಗರ್ ನೋಡಿಸುವುದನ್ನು ಬಿಡಬಾರದು. ವರ್ಷಕ್ಕೊಮ್ಮೆ ನೋಡಿಸುತ್ತಾರೆ.

ಡಿಸೆಂಬರ್‌ನಲ್ಲಿ ಅಂಕ 6. ಆಸ್ಪತ್ರೆಗೆ ರಾತ್ರಿ ಓಡಿದ್ದು ಏಪ್ರಿಲ್ ನಂತರ ಇಲ್ಲ. ಮಾತ್ರೆ ಇನ್ನೂ ನಡೆಯುತ್ತಿದೆ. ಟ್ರಿಪ್ ಆಗುವುದು ನಿಂತಿಲ್ಲ, ವಾರಕ್ಕೆ ಒಂದೆರಡು ಸಲ ಇದೆ. ಹೇಳಿ ಹೋಗುತ್ತಾರೆ, ಹೆಚ್ಚಿನ ಸಲ ಹೇಳಿದ ಹೊತ್ತಿಗೆ ಬರುತ್ತಾರೆ. ಹೊಡೆತದ ರಾತ್ರಿಗಳನ್ನು ಪೂರ್ತಿ ಬಿಡಿಸಿ ಹೇಳುವ ಚಿಕಿತ್ಸೆಯೂ ಇದೆ ಅಂತ ತಿಳಿಸಿದೆ. ಈಗ ಬೇಡ ಅಂದರು. ಅದು ಅವರ ತೀರ್ಮಾನ. ಶೀಟಿನ ಕೋಣೆಯಲ್ಲಿ ಮುಂದಿನ ಮಳೆಗಾಲಕ್ಕೆ ಮಲಗಿ ನೋಡಬೇಕು ಅಂತ ಅವರಿಗೇ ಆಸೆ ಇದೆ.

ಜನವರಿಯ ಭೇಟಿಗೆ ಬಂದಾಗ ಮಂಜು ಕೂತ ಕೂಡಲೇ ಒಂದು ಸಂಗತಿ ಹೇಳಿದರು. ಹಿಂದಿನ ಸಂಜೆ ಏಳು ಗಂಟೆಗೆ ಮನೆಗೆ ಹೋಗಿದ್ದಾರೆ. ಮಗಳು ಟಿವಿ ಮುಂದೆ ತಮ್ಮನ ಜೊತೆ ಕಡಲೆಪುರಿಗೆ ಜಗಳ ಆಡುತ್ತಿದ್ದಳಂತೆ. ಇವರು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಅವಳ ಹಿಂದೆಯೇ ಬಂದು ಕೂತಿದ್ದಾರೆ. ಜಾಹೀರಾತು ಬಂದಾಗ ಅವಳು ತಿರುಗಿ ನೋಡಿ ಬೆಚ್ಚಿಬಿದ್ದು ಕೇಳಿದಳಂತೆ:

"ಅಪ್ಪಾ, ಯಾವಾಗ್ ಬಂದೆ?"